ಫೋನ್ ಕಂಪನಿ ಬಂದಾಗ ಇರುವ ಸುದ್ದಿ, ಹೋಗುವಾಗ ಯಾಕಿಲ್ಲ?

ಮಾನ್ಯ ಸಂಪಾದಕರಿಗೆ,

ನಮಸ್ಕಾರ. ವಿದೇಶಿ ಹೂಡಿಕೆ ಬಗ್ಗೆ ಪತ್ರಿಕೆಗಳಲ್ಲಿ ಬರುವ ಬರಹಗಳಲ್ಲಿ ಒಂದು ಮಾತು ತಪ್ಪುವುದೇ ಇಲ್ಲ. ಮೊದಲು ಶಾಂತಿ ಇರಬೇಕು, ಕಾನೂನು ಇರಬೇಕು, ಲಂಚ ಕಡಿಮೆ ಆಗಬೇಕು, ಆಮೇಲೆ ಬಂಡವಾಳ ತಾನಾಗಿ ಬರುತ್ತದೆ ಅಂತ. ಕಾರು ಕಾರ್ಖಾನೆಗೆ ಈ ಮಾತು ಒಪ್ಪುತ್ತದೆ. ಮೊಬೈಲ್ ಫೋನಿಗೆ ಒಪ್ಪುವುದಿಲ್ಲ. ಸರ್ಕಾರವೇ ಇಲ್ಲದ ದೇಶ, ದಿನಾ ಬಾಂಬು ಬೀಳುತ್ತಿದ್ದ ದೇಶ, ಅಧ್ಯಕ್ಷರ ಮಗಳ ಕೈ ಬಿಸಿ ಮಾಡದೆ ಲೈಸೆನ್ಸ್ ಸಿಗದ ದೇಶ, ಇಂಥ ಕಡೆಗೆಲ್ಲ ಮೊಬೈಲ್ ಕಂಪನಿಗಳು ಮುಗಿಬಿದ್ದು ಹೋಗಿವೆ. ಹೋಗಿ ಲಾಭವನ್ನೂ ಮಾಡಿವೆ.

ಹಾಗಾದರೆ ಕೆಟ್ಟ ಆಡಳಿತದಿಂದ ಏನೂ ತೊಂದರೆ ಇಲ್ಲ ಅಂತ ನಾನು ಹೇಳುತ್ತಿಲ್ಲ. ತೊಂದರೆ ಇದೆ, ಆದರೆ ಅದು ಕಂಪನಿ ಒಳಗೆ ಬರುವಾಗ ಕಾಣಿಸುವುದಿಲ್ಲ, ಹೊರಗೆ ಹೋಗುವಾಗ ಕಾಣಿಸುತ್ತದೆ. ಆ ಹೊತ್ತಿಗೆ ಪತ್ರಿಕೆಗಳ ಗಮನ ಬೇರೆ ಕಡೆ ಹೋಗಿರುತ್ತದೆ. ಇದೇ ನನ್ನ ತಕರಾರು.

ಮೊದಲು ಸೊಮಾಲಿಯಾ ನೋಡಿ. 1991ರ ಜನವರಿಯಲ್ಲಿ ಅಲ್ಲಿನ ಅಧ್ಯಕ್ಷ ಸಿಯಾದ್ ಬರ್ರೆ ರಾಜಧಾನಿ ಮೊಗದಿಶು ಬಿಟ್ಟು ಓಡಿಹೋದರು. ಸರ್ಕಾರ ಹೋಯಿತು, ಬ್ಯಾಂಕುಗಳು ಹೋದವು, ಸರ್ಕಾರಿ ಟೆಲಿಫೋನ್ ಕೂಡ ಕೊಳ್ಳೆ ಹೋಯಿತು. ಪುಸ್ತಕದ ಲೆಕ್ಕದ ಪ್ರಕಾರ ಅಲ್ಲಿ ಇನ್ನು ಐವತ್ತು ವರ್ಷ ಯಾರೂ ದುಡ್ಡು ಹಾಕಬಾರದಿತ್ತು. ಆದದ್ದೇ ಬೇರೆ. ಸೊಮಾಲಿ ವ್ಯಾಪಾರಿಗಳೇ ಉಪಗ್ರಹ ಫೋನಿನಿಂದ ಶುರು ಮಾಡಿ, ಆಮೇಲೆ ಟವರ್ ಹಾಕಿ, ಒಬ್ಬರಿಗೊಬ್ಬರು ಪೈಪೋಟಿ ಕೊಟ್ಟು, ವಿದೇಶಕ್ಕೆ ಮಾತಾಡುವ ದರವನ್ನು ಆಫ್ರಿಕಾದಲ್ಲೇ ಅಗ್ಗದ ಮಟ್ಟಕ್ಕೆ ತಂದುಬಿಟ್ಟರು. ಲೈಸೆನ್ಸ್ ಶುಲ್ಕ ಇಲ್ಲ, ತೆರಿಗೆ ಇಲ್ಲ, ಕೇಳುವ ಇಲಾಖೆ ಇಲ್ಲ. ದೇಶ ಬಿಟ್ಟು ಹೋದ ಲಕ್ಷಾಂತರ ಜನ ಮನೆಗೆ ದುಡ್ಡು ಕಳಿಸುತ್ತಿದ್ದರು, ಅವರು ಮನೆಯವರ ಜೊತೆ ಮಾತಾಡಲೇಬೇಕಿತ್ತು. ಗಿರಾಕಿ ಮೊದಲೇ ಇದ್ದ, ಅಂಗಡಿ ತೆರೆಯುವುದಷ್ಟೇ ಬಾಕಿ ಇತ್ತು.

2009ರಲ್ಲಿ ಉತ್ತರದಲ್ಲಿ ತಾನೇ ಬೇರೆ ದೇಶ ಅಂತ ಘೋಷಿಸಿಕೊಂಡ ಸೊಮಾಲಿಲ್ಯಾಂಡ್‌ನ ಟೆಲಿಸೋಮ್ ಕಂಪನಿ ಜಾದ್ ಎಂಬ ಮೊಬೈಲ್ ಹಣದ ಸೇವೆ ಶುರು ಮಾಡಿತು. ಆಮೇಲೆ ಮೊಗದಿಶುವಿನ ಹೊರ್ಮೂದ್ ಕಂಪನಿ ಅಂಥದ್ದೇ ಇವಿಸಿ ಪ್ಲಸ್ ತಂದಿತು. ಸೊಮಾಲಿಲ್ಯಾಂಡ್‌ನ ರಾಜಧಾನಿ ಹರ್ಗೇಸಾದ ಬೀದಿಯಲ್ಲಿ ನೋಟಿನ ಕಟ್ಟುಗಳನ್ನು ಇಟ್ಟಿಗೆ ಪೇರಿಸಿದ ಹಾಗೆ ಪೇರಿಸಿಕೊಂಡು ಕೂತ ಚಿಲ್ಲರೆ ವ್ಯಾಪಾರಿಗಳ ಫೋಟೋ ನೀವೂ ನೋಡಿರಬಹುದು. ಒಂದು ಡಾಲರಿಗೆ ಕೈತುಂಬ ಶಿಲ್ಲಿಂಗ್. ದಕ್ಷಿಣದ ಕಡೆ ಓಡಾಡುತ್ತಿದ್ದ ನೋಟುಗಳಲ್ಲಂತೂ ಹೆಚ್ಚಿನವು ಖೋಟಾ, ಯಾಕೆಂದರೆ 1991ರ ನಂತರ ಅಸಲಿ ನೋಟು ಅಚ್ಚು ಹಾಕುವ ಬ್ಯಾಂಕೇ ಇರಲಿಲ್ಲ. ಅಂಥ ಕಡೆ ಜನ ಫೋನಿನಲ್ಲಿ ನಂಬರ್ ಒತ್ತಿ, ಸ್ಟಾರ್ ಒತ್ತಿ, ಡಾಲರ್ ಲೆಕ್ಕದಲ್ಲಿ ದುಡ್ಡು ಕಳಿಸತೊಡಗಿದರು. ದನದ ಸಂತೆಯಲ್ಲೂ ಅದೇ, ಬಾಡಿಗೆಗೂ ಅದೇ. ಅದಕ್ಕೆ ಸ್ಮಾರ್ಟ್‌ಫೋನ್ ಬೇಡ, ಇಂಟರ್‌ನೆಟ್ ಬೇಡ, ಗುಂಡಿ ಒತ್ತುವ ಹಳೇ ಸೆಟ್ಟೇ ಸಾಕು. 2018ರಲ್ಲಿ ವಿಶ್ವಬ್ಯಾಂಕ್ ಹೇಳಿದ ಲೆಕ್ಕದಲ್ಲಿ 16 ವರ್ಷ ದಾಟಿದ ನೂರು ಸೊಮಾಲಿಗಳಲ್ಲಿ ಸುಮಾರು 73 ಜನ ಮೊಬೈಲ್ ಹಣ ಬಳಸುತ್ತಿದ್ದರು. ಆ ವ್ಯವಸ್ಥೆಗೆ ಸರಿಯಾದ ದೂರಸಂಪರ್ಕ ಕಾನೂನು ಬಂದದ್ದು 2017ರಲ್ಲಿ. ಹೊರ್ಮೂದ್‌ಗೆ ಮೊಬೈಲ್ ಹಣದ ಲೈಸೆನ್ಸ್ ಸಿಕ್ಕಿದ್ದು 2021ರಲ್ಲಿ! ಅಂದರೆ ಹತ್ತು ವರ್ಷ ಇಡೀ ದೇಶದ ದುಡ್ಡು ಲೈಸೆನ್ಸ್ ಇಲ್ಲದೆ ಓಡಿತು.

ಇಷ್ಟು ಓದಿದವರು ಸರ್ಕಾರ ಇಲ್ಲದಿದ್ದರೇ ಒಳ್ಳೆಯದು ಅಂದುಬಿಡುತ್ತಾರೆ. ಅಂದಿದ್ದಾರೆ ಕೂಡ, ಮುಕ್ತ ಮಾರುಕಟ್ಟೆಯ ಭಕ್ತರಿಗೆ ಸೊಮಾಲಿಯಾ ಬಹಳ ದಿನ ಮುದ್ದಿನ ಉದಾಹರಣೆಯಾಗಿತ್ತು. ಅವರು ಅರ್ಧ ಕಥೆ ಮಾತ್ರ ಹೇಳುತ್ತಾರೆ. ಒಂದು ಕಂಪನಿಯ ಸಿಮ್‌ನಿಂದ ಇನ್ನೊಂದು ಕಂಪನಿಯ ಸಿಮ್‌ಗೆ ಅಲ್ಲಿ ವರ್ಷಗಟ್ಟಲೆ ಕರೆ ಹೋಗುತ್ತಿರಲಿಲ್ಲ. ಜೋಡಿಸಿ ಅಂತ ಕಂಪನಿಗಳಿಗೆ ಹೇಳುವವರೇ ಇರಲಿಲ್ಲವಲ್ಲ. ಜನ ಜೇಬಿನಲ್ಲಿ ಎರಡು ಮೂರು ಫೋನ್ ಇಟ್ಟುಕೊಂಡು ಓಡಾಡುತ್ತಿದ್ದರು. 2014ರ ಜನವರಿಯಲ್ಲಿ ಅಲ್ ಶಬಾಬ್ ಬಂಡುಕೋರರು ಮೊಬೈಲ್ ಇಂಟರ್‌ನೆಟ್ ನಿಲ್ಲಿಸಿ, ಹದಿನೈದು ದಿನ ಗಡುವು ಅಂದರು. ಹೊರ್ಮೂದ್ ಕಂಪನಿ ನಿಲ್ಲಿಸಿತು. ಇನ್ನೇನು ಮಾಡುತ್ತದೆ? ಸರ್ಕಾರದ ಮಾತು ಕೇಳಬೇಕಾಗಿಲ್ಲ ಅಂದರೆ ಯಾರ ಮಾತೂ ಕೇಳಬೇಕಾಗಿಲ್ಲ ಅಂತ ಅರ್ಥ ಅಲ್ಲ, ಬಂದೂಕು ಹಿಡಿದವರ ಮಾತು ಕೇಳಬೇಕು ಅಂತ ಅರ್ಥ.

ಹೊಡೆತ ದೂರದಿಂದಲೂ ಬೀಳುತ್ತದೆ. 2001ರ ನವೆಂಬರ್ 7ರಂದು ಅಮೆರಿಕ ಸರ್ಕಾರ ಅಲ್ ಬರಕಾತ್ ಎಂಬ ಸೊಮಾಲಿ ಕಂಪನಿಯ ಖಾತೆಗಳನ್ನು ತಡೆಹಿಡಿಯಿತು. ಭಯೋತ್ಪಾದಕರಿಗೆ ದುಡ್ಡು ಹೋಗುತ್ತಿದೆ ಅಂತ ಆರೋಪ. ವಿದೇಶದಿಂದ ದುಡ್ಡು ಕಳಿಸುವ ವ್ಯವಹಾರ, ಫೋನು ಎರಡನ್ನೂ ಆ ಕಂಪನಿ ನಡೆಸುತ್ತಿತ್ತು. ರಾತ್ರೋರಾತ್ರಿ ಎರಡೂ ಬಂದ್. ಆಮೇಲೆ ಸೆಪ್ಟೆಂಬರ್ 11ರ ದಾಳಿಯ ತನಿಖಾ ಆಯೋಗದ ಸಿಬ್ಬಂದಿ ಕೂತು ನೋಡಿದಾಗ ಆ ಆರೋಪಕ್ಕೆ ಗಟ್ಟಿ ಸಾಕ್ಷ್ಯ ಸಿಗಲಿಲ್ಲ. ಅಷ್ಟು ಹೊತ್ತಿಗೆ ಕಂಪನಿ ಮುಗಿದಿತ್ತು. 2002ರಲ್ಲೇ ಹೊರ್ಮೂದ್ ಹುಟ್ಟಿತು, ಅದು ಬೇರೆ ಮಾತು.

ದುಡ್ಡು ಹಾಕುವವರಿಗೆ ಇಷ್ಟು ಧೈರ್ಯ ಎಲ್ಲಿಂದ ಬರುತ್ತದೆ ಅಂತ ಕೇಳಬಹುದು. ಅದರಲ್ಲಿ ಗುಟ್ಟೇನಿಲ್ಲ. ತಂತಿಯ ಫೋನಿಗೆ ಊರೆಲ್ಲ ಅಗೆದು ತಾಮ್ರ ಹೂಳಬೇಕು, ಕಳ್ಳರು ಅದನ್ನು ಕಿತ್ತು ಮಾರುತ್ತಾರೆ, ತಿಂಗಳ ಬಿಲ್ಲು ಯಾರೂ ಕಟ್ಟುವುದಿಲ್ಲ, ಕೋರ್ಟಿಗೆ ಹೋದರೆ ಕೋರ್ಟೇ ಇರುವುದಿಲ್ಲ. ಮೊಬೈಲ್‌ಗೆ ಇದ್ಯಾವುದೂ ಬೇಡ. ಒಂದು ಟವರ್ ಹಾಕಿ, ಅದರಿಂದ ದುಡ್ಡು ಬಂದರೆ ಎರಡನೆಯದು ಹಾಕಿ. ಗಿರಾಕಿ ಮೊದಲೇ ಕಾರ್ಡ್ ಕೊಂಡು ಕರೆನ್ಸಿ ಹಾಕಿಸಿಕೊಳ್ಳುತ್ತಾನೆ, ಸಾಲದ ಮಾತೇ ಇಲ್ಲ, ವಸೂಲಿಗೆ ಪೊಲೀಸ್ ಬೇಕಿಲ್ಲ, ವಕೀಲ ಬೇಕಿಲ್ಲ. ಕೆಟ್ಟ ಆಡಳಿತದ ದೇಶದಲ್ಲಿ ಏನೇನು ಕೆಲಸ ಮಾಡುವುದಿಲ್ಲವೋ ಅದರ ಅಗತ್ಯವೇ ಇಲ್ಲದ ಹಾಗೆ ಈ ವ್ಯಾಪಾರ ಇದೆ. ಖರ್ಚು ಜಾಸ್ತಿ ಆಗುವುದು ಒಂದೇ ಕಡೆ, ಟವರ್ ಬುಡದಲ್ಲಿ. ಕರೆಂಟ್ ಇಲ್ಲದ ಕಾರಣ ಡೀಸೆಲ್ ಜನರೇಟರ್ ಬೇಕು, ಡೀಸೆಲ್ ಕದಿಯದ ಹಾಗೆ ವಾಚ್‌ಮನ್ ಬೇಕು, ವಾಚ್‌ಮನ್ ಆ ಊರಿನವನೇ ಆಗಿರಬೇಕು, ಇಲ್ಲದಿದ್ದರೆ ಟವರ್ ಉಳಿಯುವುದಿಲ್ಲ.

ಅದರ ಮೇಲೆ ಜನ ಕಾದು ಕಾದು ಸುಸ್ತಾಗಿರುತ್ತಾರೆ. ನೈಜೀರಿಯಾದಲ್ಲಿ 2001ರ ಆರಂಭದಲ್ಲಿ ಹನ್ನೆರಡು ಕೋಟಿ ಆಸುಪಾಸಿನ ಜನಕ್ಕೆ ಕೆಲಸ ಮಾಡುತ್ತಿದ್ದ ಫೋನ್ ಲೈನ್ ನಾಲ್ಕೈದು ಲಕ್ಷ ಮಾತ್ರ. ಮಿಲಿಟರಿ ಆಡಳಿತ ಮುಗಿದು ಎರಡೇ ವರ್ಷ ಆಗಿತ್ತು. ಆದರೂ ಆ ಜನವರಿಯ ಹರಾಜಿನಲ್ಲಿ ಒಂದು ಲೈಸೆನ್ಸ್ 28.5 ಕೋಟಿ ಡಾಲರಿಗೆ ಹೋಯಿತು. ಅಂಥ ಲೈಸೆನ್ಸ್ ಕೊಂಡ ದಕ್ಷಿಣ ಆಫ್ರಿಕಾದ ಎಂಟಿಎನ್ ಕಂಪನಿಗೆ ತಲೆ ಕೆಟ್ಟಿದೆ ಅಂತ ಅವರ ದೇಶದಲ್ಲೇ ಮಾತಾಡಿಕೊಂಡರು. ಕೆಲವೇ ವರ್ಷದಲ್ಲಿ ನೈಜೀರಿಯಾ ಆ ಕಂಪನಿಯ ಅತಿ ದೊಡ್ಡ ಮಾರುಕಟ್ಟೆ ಆಯಿತು.

ಕಾಂಗೋದಲ್ಲಿ ಇನ್ನೂ ವಿಚಿತ್ರ. 1990ರ ದಶಕದ ಕೊನೆಯಲ್ಲಿ ಅಲ್ಲಿ ಯುದ್ಧ ನಡೆಯುತ್ತಿದ್ದಾಗ ಅಲಿಯು ಕಾಂಟೆ ಎಂಬ ವ್ಯಾಪಾರಿ ಕಿನ್ಶಾಸಾದಲ್ಲಿ ಮೊಬೈಲ್ ಜಾಲ ಕಟ್ಟಲು ಹೊರಟರು. ಬಂಡುಕೋರರು ಹತ್ತಿರ ಇದ್ದ ಕಾರಣ ಹೊರಗಿನ ಯಾವ ಕಂಪನಿಯೂ ಟವರ್ ಕಳಿಸಲು ತಯಾರಿರಲಿಲ್ಲ. ಅವರು ಊರವರಿಂದ ಗುಜರಿ ಕಬ್ಬಿಣ ಆರಿಸಿ ತರಿಸಿ, ಅದನ್ನೇ ವೆಲ್ಡಿಂಗ್ ಮಾಡಿಸಿ ಟವರ್ ನಿಲ್ಲಿಸಿದರು. ಅದೇ ವ್ಯವಹಾರ ಮುಂದೆ ದಕ್ಷಿಣ ಆಫ್ರಿಕಾದ ವೊಡಾಕಾಮ್ ಕಂಪನಿ ಜೊತೆ ಸೇರಿ ದೊಡ್ಡದಾಯಿತು. ದೊಡ್ಡದಾದ ಮೇಲೆ ಪಾಲುದಾರರ ನಡುವೆ ಜಗಳ ಬಂದು ವರ್ಷಗಟ್ಟಲೆ ಎಳೆಯಿತು ಅನ್ನುವುದನ್ನೂ ಹೇಳಬೇಕು. ಗುಜರಿ ಟವರ್ ಕಥೆ ಎಲ್ಲರಿಗೂ ಇಷ್ಟ, ಪಾಲುದಾರರ ಜಗಳ ಯಾರಿಗೂ ಬೇಡ.

ಇಂಥ ದೇಶಗಳನ್ನೇ ಆರಿಸಿಕೊಂಡು ಬೆಳೆದ ಕಂಪನಿ ಸೆಲ್‌ಟೆಲ್. ಸುಡಾನ್ ಮೂಲದ ಮೊ ಇಬ್ರಾಹಿಂ 1998ರಲ್ಲಿ ಶುರು ಮಾಡಿದ್ದು. ಲಂಚ ಕೊಡುವುದಿಲ್ಲ ಅಂತ ಪಟ್ಟು ಹಿಡಿದೇ ವ್ಯಾಪಾರ ಮಾಡಿದೆ ಅಂತ ಅವರು ಹೇಳುತ್ತಾ ಬಂದಿದ್ದಾರೆ. 2005ರಲ್ಲಿ ಅದನ್ನು ಕುವೈತ್‌ನ ಎಂಟಿಸಿ ಕಂಪನಿ 340 ಕೋಟಿ ಡಾಲರಿಗೆ ಕೊಂಡಿತು. ಆ ಎಂಟಿಸಿಯೇ ಆಮೇಲೆ ಜೈನ್ ಅಂತ ಹೆಸರು ಬದಲಾಯಿಸಿಕೊಂಡಿತು. 2010ರಲ್ಲಿ ಜೈನ್ ತನ್ನ 15 ಆಫ್ರಿಕನ್ ದೇಶಗಳ ವ್ಯವಹಾರವನ್ನು 1,070 ಕೋಟಿ ಡಾಲರಿಗೆ ಮಾರಿತು. ಕೊಂಡವರು ಯಾರು? ಭಾರ್ತಿ ಏರ್‌ಟೆಲ್. ಇದು ನಮಗೆ ಸಂಬಂಧ ಇಲ್ಲದ ದೂರದ ಕಥೆ ಅಂದುಕೊಂಡು ಓದುತ್ತಿದ್ದವರು ಇಲ್ಲಿ ಸ್ವಲ್ಪ ನಿಲ್ಲಿ, ಕೊನೆಯಲ್ಲಿ ಇದಕ್ಕೆ ಬರುತ್ತೇನೆ.

ಆಫ್ಘಾನಿಸ್ತಾನಕ್ಕೆ ಮೊಬೈಲ್ ಬಂದದ್ದು 2002ರಲ್ಲಿ, ಆಫ್ಘನ್ ವೈರ್‌ಲೆಸ್ ಕಂಪನಿಯಿಂದ. ಮಾರನೇ ವರ್ಷ ಆಗಾ ಖಾನ್ ಸಂಸ್ಥೆಯ ರೋಶನ್ ಬಂತು, ಆಮೇಲೆ ಇನ್ನೆರಡು. ಅದಕ್ಕಿಂತ ಮುಂಚೆ ಹೊರದೇಶಕ್ಕೆ ಫೋನ್ ಮಾಡಬೇಕಾದರೆ ಜನ ಗಡಿ ದಾಟಿ ಪಾಕಿಸ್ತಾನಕ್ಕೆ ಹೋಗುತ್ತಿದ್ದರು. ಫೋನ್ ಬಂದದ್ದರಿಂದ ಏನಾಯಿತು ಅನ್ನುವುದಕ್ಕೆ ಒಂದೇ ಉದಾಹರಣೆ ಕೊಡುತ್ತೇನೆ. 2009ರಲ್ಲಿ ವರ್ದಕ್ ಪ್ರಾಂತದಲ್ಲಿ ಪೊಲೀಸರಿಗೆ ಪ್ರಯೋಗಕ್ಕೆಂದು ರೋಶನ್‌ನ ಎಂ-ಪೈಸಾ ಎಂಬ ಮೊಬೈಲ್ ಹಣದ ಸೇವೆ ಮೂಲಕ ಸಂಬಳ ಕೊಟ್ಟರು. ದುಡ್ಡು ನೇರ ಪೊಲೀಸನ ಫೋನಿಗೆ ಬಂತು. ಸಂಬಳ ಜಾಸ್ತಿ ಮಾಡಿದ್ದಾರೆ ಅಂತ ಎಷ್ಟೋ ಜನ ಪೊಲೀಸರು ಅಂದುಕೊಂಡರಂತೆ! ಜಾಸ್ತಿ ಏನೂ ಮಾಡಿರಲಿಲ್ಲ. ಅಷ್ಟು ದಿನ ಮೇಲಿನವರು ಮಧ್ಯದಲ್ಲಿ ಹೊಡೆದುಕೊಳ್ಳುತ್ತಿದ್ದ ಪಾಲು ಈ ಸಲ ಕೈಗೆ ಸಿಕ್ಕಿತ್ತು. ಸಿಟ್ಟಿಗೆದ್ದ ಒಬ್ಬ ಕಮಾಂಡರ್ ತನ್ನ ಕೆಳಗಿನವರ ಫೋನ್‌ಗಳನ್ನೇ ಕೇಳಿ ಇಸಿದುಕೊಂಡು ತಾನೇ ದುಡ್ಡು ತೆಗೆಯಲು ಹೋದನಂತೆ. ಕಳ್ಳನಿಗೆ ಒಂದು ದಾರಿ ಮುಚ್ಚಿದರೆ ಇನ್ನೊಂದು ಹುಡುಕುತ್ತಾನೆ, ಆದರೂ ಮೊದಲ ದಾರಿ ಮುಚ್ಚಿದ್ದು ಸಣ್ಣ ವಿಷಯ ಅಲ್ಲ ಅಲ್ವಾ.

ಅದೇ ದೇಶದಲ್ಲಿ 2008ರ ಫೆಬ್ರವರಿಯಲ್ಲಿ ತಾಲಿಬಾನ್ ಒಂದು ಆಜ್ಞೆ ಹೊರಡಿಸಿತು. ಸಂಜೆ ಆದ ಮೇಲೆ ಬೆಳಗಿನವರೆಗೆ ಟವರ್ ಆಫ್ ಮಾಡಬೇಕು, ವಿದೇಶಿ ಸೈನಿಕರು ಸಿಗ್ನಲ್ ಹಿಡಿದು ನಮ್ಮನ್ನು ಪತ್ತೆ ಮಾಡುತ್ತಿದ್ದಾರೆ ಅಂತ. ಕೇಳದ ಕಂಪನಿಗಳ ಟವರ್‌ಗಳಿಗೆ ಬೆಂಕಿ ಬಿತ್ತು. ದಕ್ಷಿಣದ ಪ್ರಾಂತಗಳಲ್ಲಿ ಕಂಪನಿಗಳು ರಾತ್ರಿ ಹೊತ್ತು ಬಂದ್ ಮಾಡಿದವು. ಹೆಲ್ಮಂಡ್‌ನ ಹಳ್ಳಿಯಲ್ಲಿ ನಡುರಾತ್ರಿ ಯಾರಿಗಾದರೂ ಹೆರಿಗೆ ನೋವು ಬಂದರೆ ಕೈಯಲ್ಲಿ ಫೋನ್ ಇದೆ, ಸಿಗ್ನಲ್ ಇಲ್ಲ. ತಾಲಿಬಾನಿಗಳಿಗೂ ಹಗಲು ಫೋನ್ ಬೇಕಿತ್ತು, ಹಾಗಾಗಿ ಪೂರ್ತಿ ಕೆಡವಲಿಲ್ಲ. ಈಗ ಅವರದೇ ಸರ್ಕಾರ. 2025ರ ಸೆಪ್ಟೆಂಬರ್ 29ರಂದು ಇಡೀ ದೇಶದ ಇಂಟರ್‌ನೆಟ್ ಸುಮಾರು ಎರಡು ದಿನ ಬಂದ್ ಆಯಿತು, ಫೋನೂ ಅದರ ಜೊತೆಗೇ ಹೋಯಿತು. ಆಗ ಟವರ್ ಸುಡಬೇಕಿತ್ತು, ಈಗ ಒಂದು ಮಾತು ಹೇಳಿದರೆ ಸಾಕು.

ನೈಜೀರಿಯಾದ ಉತ್ತರದಲ್ಲಂತೂ ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. 2012ರ ಸೆಪ್ಟೆಂಬರ್‌ನಲ್ಲಿ ಬೋಕೊ ಹರಾಂ ಎಂಬ ಉಗ್ರರ ಗುಂಪು ಟವರ್‌ಗಳ ಮೇಲೆ ದಾಳಿ ಮಾಡಿತು, ಕಂಪನಿಗಳು ಸರ್ಕಾರಕ್ಕೆ ಮಾಹಿತಿ ಕೊಡುತ್ತಿವೆ ಅಂತ. 2013ರ ಮೇ ತಿಂಗಳಲ್ಲಿ ಸರ್ಕಾರವೇ ಮೂರು ರಾಜ್ಯಗಳಲ್ಲಿ ಫೋನ್ ಬಂದ್ ಮಾಡಿತು, ಬೋಕೊ ಹರಾಂನವರು ಫೋನ್ ಬಳಸುತ್ತಾರೆ ಅಂತ. ಆಮೇಲೆ 2015ರಲ್ಲಿ ಸರ್ಕಾರದಿಂದಲೇ ಇನ್ನೊಂದು ದೊಡ್ಡ ಹೊಡೆತ. ಹೆಸರು ವಿಳಾಸ ಸರಿಯಾಗಿ ನೋಂದಾಯಿಸದ ಸುಮಾರು 52 ಲಕ್ಷ ಸಿಮ್‌ಗಳನ್ನು ಬಂದ್ ಮಾಡಿಲ್ಲ ಅಂತ ಎಂಟಿಎನ್‌ಗೆ ಸಿಮ್ ಒಂದಕ್ಕೆ 2 ಲಕ್ಷ ನೈರಾದಂತೆ ದಂಡ ಹಾಕಿದರು. ಒಟ್ಟು 520 ಕೋಟಿ ಡಾಲರ್. ಮಾತುಕತೆ ಆಗಿ ಆಗಿ 2016ರಲ್ಲಿ 33 ಸಾವಿರ ಕೋಟಿ ನೈರಾಕ್ಕೆ ಇಳಿಯಿತು, ಅಂದರೆ ಮೊದಲಿನ ಮೂರನೇ ಒಂದು ಭಾಗಕ್ಕಿಂತ ಕಡಿಮೆ. ಕಂಪನಿ ತಪ್ಪು ಮಾಡಿತ್ತು, ಅದರಲ್ಲಿ ಅನುಮಾನ ಬೇಡ. ಆದರೆ ಮೂರನೇ ಎರಡು ಭಾಗ ಚೌಕಾಸಿಯಲ್ಲೇ ಕರಗಿಹೋಗುವ ದಂಡವನ್ನು ಕಾನೂನು ಅನ್ನುವುದೋ ವ್ಯಾಪಾರ ಅನ್ನುವುದೋ ನೀವೇ ಹೇಳಿ.

ಲಂಚದ ವಿಷಯ ಉದ್ದ ಎಳೆಯುವುದಿಲ್ಲ. ಉಜ್ಬೆಕಿಸ್ತಾನದಲ್ಲಿ ಅಧ್ಯಕ್ಷ ಕರಿಮೋವ್ ಅವರ ಮಗಳು ಗುಲ್ನಾರಾಗೆ ಸೇರಿದ, ಜಿಬ್ರಾಲ್ಟರ್‌ನಲ್ಲಿ ಹೆಸರಿಗಷ್ಟೇ ಇದ್ದ ಕಂಪನಿಗೆ ದುಡ್ಡು ಕೊಟ್ಟು ಮಾರುಕಟ್ಟೆಗೆ ಹೋದದ್ದಕ್ಕೆ ನೆದರ್‌ಲ್ಯಾಂಡ್ಸ್‌ನಲ್ಲಿ ನೆಲೆಯಿದ್ದ ವಿಂಪೆಲ್‌ಕಾಮ್ 2016ರಲ್ಲಿ 79.5 ಕೋಟಿ ಡಾಲರ್, ಸ್ವೀಡನ್ನಿನ ಟೆಲಿಯಾ 2017ರಲ್ಲಿ 96.5 ಕೋಟಿ ಡಾಲರ್ ತೆರಬೇಕಾಯಿತು. ಫೋನ್ ಜಾಲದ ಯಂತ್ರ ಮಾಡುವ, ಸ್ವೀಡನ್ನಿನದೇ ಆದ ಎರಿಕ್‌ಸನ್ ಕಂಪನಿಯ ಮುಖ್ಯಸ್ಥರು 2022ರಲ್ಲಿ ಇರಾಕ್‌ನ ರಸ್ತೆಗಳಲ್ಲಿ ಸಾಮಾನು ಸಾಗಿಸಲು ಕೊಟ್ಟ ದುಡ್ಡು ಐಸಿಸ್ ಕೈಗೂ ಹೋಗಿರಬಹುದು ಅಂತ ಬಾಯಿ ಬಿಟ್ಟರು. ಇವೆಲ್ಲ ಕಾನೂನು, ಪಾರದರ್ಶಕತೆ ಅಂತ ಜಗತ್ತಿಗೆ ಪಾಠ ಹೇಳುವ ದೇಶಗಳ ಕಂಪನಿಗಳು. ಗಮನಿಸಿ, ದಂಡ ಹೋದದ್ದು ಹೆಚ್ಚಾಗಿ ಅಮೆರಿಕ, ಯುರೋಪಿನ ಖಜಾನೆಗೆ. ಫೋನಿಗೆ ಜಾಸ್ತಿ ದರ ಕೊಟ್ಟ ಉಜ್ಬೆಕ್ ಗಿರಾಕಿಗೆ ಅದರಲ್ಲಿ ಬಿಡಿಗಾಸೂ ಬರಲಿಲ್ಲ.

ಈಗ ನನ್ನ ಮುಖ್ಯ ವಿಷಯ, ಮ್ಯಾನ್ಮಾರ್. ಅಲ್ಲಿ ಮಿಲಿಟರಿ ಆಡಳಿತದಲ್ಲಿ ಒಂದು ಸಿಮ್ ಕಾರ್ಡಿಗೆ ಸಾವಿರ ಡಾಲರಿಗೂ ಜಾಸ್ತಿ ಕೊಡಬೇಕಿದ್ದ ಕಾಲ ಇತ್ತು. ಬೇಡಿಕೆ ಎಷ್ಟಿತ್ತೆಂದರೆ ಆಮೇಲೆ ಅಗ್ಗದ ಸಿಮ್‌ಗಳನ್ನು ಲಾಟರಿ ಎತ್ತಿ ಹಂಚಿದರು. 2013ರಲ್ಲಿ ವಿದೇಶಿ ಕಂಪನಿಗಳಿಗೆ ಬಾಗಿಲು ತೆರೆದಾಗ ತೊಂಬತ್ತಕ್ಕೂ ಹೆಚ್ಚು ಅರ್ಜಿದಾರರು ಮುಂದೆ ಬಂದರು. ಆ ಜೂನ್‌ನಲ್ಲಿ ಗೆದ್ದದ್ದು ನಾರ್ವೆಯ ಟೆಲಿನಾರ್, ಕತಾರ್‌ನ ಊರಿಡೂ. 2014ರಲ್ಲಿ ಸಿಮ್ 1,500 ಚಾಟ್‌ಗೆ, ಅಂದರೆ ಎರಡು ಡಾಲರಿಗೂ ಕಡಿಮೆಗೆ ಅಂಗಡಿಯಲ್ಲಿ ಸಿಗತೊಡಗಿತು. ಜಗತ್ತಿನ ಪತ್ರಿಕೆಗಳೆಲ್ಲ ಹೊಗಳಿದ್ದೇ ಹೊಗಳಿದ್ದು. ತಪ್ಪಿಲ್ಲ, ಹೊಗಳುವಂಥದ್ದೇ ಆಗಿತ್ತು.

2021ರ ಫೆಬ್ರವರಿ 1ರಂದು ಸೈನ್ಯ ಮತ್ತೆ ಅಧಿಕಾರ ಹಿಡಿಯಿತು. ಇಂಟರ್‌ನೆಟ್ ಬಂದ್ ಮಾಡಿ ಅಂತ ಆದೇಶ, ಇಂಥಿಂಥ ವೆಬ್‌ಸೈಟ್ ತಡೆಯಿರಿ ಅಂತ ಆದೇಶ. ಟೆಲಿನಾರ್ ಮೊದಲು ಒಂದು ಒಳ್ಳೆಯ ಕೆಲಸ ಮಾಡಿತು, ಬಂದ ಆದೇಶಗಳ ಪಟ್ಟಿಯನ್ನು ತನ್ನ ವೆಬ್‌ಸೈಟಿನಲ್ಲಿ ಹಾಕುತ್ತಾ ಹೋಯಿತು. ಫೆಬ್ರವರಿ 14ಕ್ಕೆ ಅದೂ ನಿಂತಿತು, ಇನ್ನು ಹೇಳಲು ಆಗುವುದಿಲ್ಲ ಅಂದರು. ಮೇನಲ್ಲಿ ಇಡೀ ಮ್ಯಾನ್ಮಾರ್ ವ್ಯವಹಾರದ ಬೆಲೆಯನ್ನು, ಸುಮಾರು 650 ಕೋಟಿ ನಾರ್ವೆ ಕ್ರೋನರನ್ನು, ಲೆಕ್ಕದ ಪುಸ್ತಕದಿಂದ ತೆಗೆದುಹಾಕಿತು. ಜುಲೈನಲ್ಲಿ 10.5 ಕೋಟಿ ಡಾಲರಿಗೆ ಲೆಬನಾನ್‌ನ ಎಂ1 ಗ್ರೂಪ್‌ಗೆ ಮಾರುತ್ತೇವೆ ಅಂತ ಘೋಷಿಸಿತು. ಕರೆಗಳನ್ನು ಕದ್ದು ಕೇಳುವ ಯಂತ್ರ ಚಾಲೂ ಮಾಡಿ ಅಂತ ಸೈನ್ಯದ ಒತ್ತಡ ಇದೆ, ಅದನ್ನು ಮಾಡಲಾರೆವು, ಹಾಗಾಗಿ ಹೋಗುತ್ತಿದ್ದೇವೆ ಅಂತ ಕಾರಣ ಕೊಟ್ಟಿತು.

ಕೇಳಲು ಎಷ್ಟು ಚೆನ್ನಾಗಿದೆ. ಆದರೆ ಮಾರಿದ್ದು ಬರೀ ಟವರ್‌ಗಳನ್ನಲ್ಲ. ಸುಮಾರು 1.8 ಕೋಟಿ ಗಿರಾಕಿಗಳು ಯಾರಿಗೆ ಯಾವಾಗ ಎಲ್ಲಿಂದ ಕರೆ ಮಾಡಿದರು ಎಂಬ ದಾಖಲೆಯೂ ಅದರ ಜೊತೆ ಹೋಯಿತು. ಬೀದಿಗೆ ಇಳಿದು ಪ್ರತಿಭಟಿಸಿದ ಹುಡುಗರ ಕರೆಗಳೂ ಅದರಲ್ಲಿದ್ದವು, ಪತ್ರಕರ್ತರದ್ದೂ ಇದ್ದವು. ಮ್ಯಾನ್ಮಾರ್‌ನ ನಾನೂರಕ್ಕೂ ಹೆಚ್ಚು ಸಂಘಟನೆಗಳು ಸೇರಿ ಈ ಮಾರಾಟದ ವಿರುದ್ಧ ದೂರು ಕೊಟ್ಟವು. ಏನೂ ಆಗಲಿಲ್ಲ. 2022ರ ಮಾರ್ಚ್‌ನಲ್ಲಿ ಮಾರಾಟ ಮುಗಿಯಿತು, ಅಷ್ಟು ಹೊತ್ತಿಗೆ ಬಹುಪಾಲು ಷೇರು ಶ್ವೆ ಬೈನ್ ಫ್ಯು ಎಂಬ ಸ್ಥಳೀಯ ಕಂಪನಿಗೆ ಹೋಗುವುದು ಗೊತ್ತಾಗಿತ್ತು, ಸೈನ್ಯಕ್ಕೆ ಹತ್ತಿರದವರು ಅಂತ ಅದಕ್ಕೆ ಹೆಸರು. ಬರುವಾಗ ತೊಂಬತ್ತು ಜನರ ನಡುವೆ ಸ್ಪರ್ಧೆ, ನಿಯಮ, ಪಾರದರ್ಶಕತೆ. ಹೋಗುವಾಗ ಯಾರು ಕೊಳ್ಳಬೇಕು ಅನ್ನುವುದಕ್ಕೆ ಒಪ್ಪಿಗೆ ಕೊಟ್ಟದ್ದು ಸೈನ್ಯದ ಸರ್ಕಾರ. ಅದೇ ವರ್ಷ ಊರಿಡೂ ಕೂಡ 57.6 ಕೋಟಿ ಡಾಲರಿಗೆ ಮಾರುವುದಾಗಿ ಹೇಳಿತು. ಅದರ ಬಗ್ಗೆ ಇಷ್ಟು ಗಲಾಟೆಯೂ ಆಗಲಿಲ್ಲ.

ಆ ಎಂ1 ಗ್ರೂಪ್ ಹೆಸರು ನೆನಪಿಟ್ಟುಕೊಳ್ಳಿ. ಅದು ಲೆಬನಾನ್‌ನ ಪ್ರಧಾನಿಯಾಗಿದ್ದ ನಜೀಬ್ ಮಿಕಾತಿ ಅವರ ಕುಟುಂಬದ್ದು. 2006ರಲ್ಲಿ ಇದೇ ಕುಟುಂಬ ತನ್ನ ಇನ್‌ವೆಸ್ಟ್‌ಕಾಮ್ ಕಂಪನಿಯನ್ನು ಎಂಟಿಎನ್‌ಗೆ ಸುಮಾರು 550 ಕೋಟಿ ಡಾಲರಿಗೆ ಮಾರಿತ್ತು. ಸಿರಿಯಾ, ಯೆಮನ್, ಆಫ್ಘಾನಿಸ್ತಾನ ಎಲ್ಲ ಆ ಮೂಟೆಯಲ್ಲೇ ಇದ್ದವು. ಹದಿನೈದು ವರ್ಷ ಕಳೆದ ಮೇಲೆ ಎಂಟಿಎನ್ ಒಂದೊಂದೇ ಕಡೆಯಿಂದ ಗಂಟು ಮೂಟೆ ಕಟ್ಟಿತು. ಸಿರಿಯಾದಲ್ಲಿ 2021ರಲ್ಲಿ ಕೋರ್ಟ್ ಕಂಪನಿಯನ್ನು ಬೇರೆಯವರ ಉಸ್ತುವಾರಿಗೆ ಒಪ್ಪಿಸಿತು, ಎಂಟಿಎನ್ ಕೈ ತೊಳೆದುಕೊಂಡಿತು. ಯೆಮನ್‌ನದ್ದನ್ನೂ ಅದೇ ವರ್ಷ ಒಮಾನ್‌ನವರಿಗೆ ದಾಟಿಸಿತು. ಆಫ್ಘಾನಿಸ್ತಾನದ್ದನ್ನು ಕೊಂಡದ್ದು ಮತ್ತೆ ಅದೇ ಎಂ1, ಸುಮಾರು 3.5 ಕೋಟಿ ಡಾಲರಿಗೆ! ಒಳ್ಳೆಯ ಕಾಲದಲ್ಲಿ ದುಬಾರಿಗೆ ಮಾರಿ, ಕೆಟ್ಟ ಕಾಲದಲ್ಲಿ ಚಿಲ್ಲರೆ ಕಾಸಿಗೆ ವಾಪಸ್ ತಗೊಂಡರು. ವ್ಯಾಪಾರ ಅಂತ ನೋಡಿದರೆ ಭೇಷ್ ಅನ್ನಬೇಕು. ಆ ಸಿಮ್ ಹಾಕಿಕೊಂಡವರಿಗೆ ಮಾತ್ರ ತಮ್ಮ ಕಂಪನಿ ಯಾರ ಕೈಯಿಂದ ಯಾರ ಕೈಗೆ ಹೋಯಿತು ಅಂತ ಯಾರೂ ಕೇಳಲಿಲ್ಲ, ಹೇಳಲಿಲ್ಲ.

ಹಾಗಾದರೆ ಕಂಪನಿ ಹೋಗದೆ ಅಲ್ಲೇ ಕೂತು ಸೈನ್ಯದ ಮಾತು ಕೇಳಬೇಕಿತ್ತಾ ಅಂತ ಯಾರಾದರೂ ಕೇಳಬಹುದು. ನ್ಯಾಯವಾದ ಪ್ರಶ್ನೆ. ಉಳಿದರೂ ಕಷ್ಟ, ಹೋದರೂ ಕಷ್ಟ ಅನ್ನುವ ಹೊತ್ತು ಬಂದಾಗ ಒಳ್ಳೆಯ ದಾರಿ ಇರುವುದಿಲ್ಲ. ಅದಕ್ಕೇ ಆ ಹೊತ್ತಿನ ಯೋಚನೆ ಹೋಗುವ ದಿನ ಅಲ್ಲ, ಬರುವ ದಿನವೇ ಆಗಬೇಕು. ಕರೆಗಳ ದಾಖಲೆ ಎಷ್ಟು ತಿಂಗಳು ಇಟ್ಟುಕೊಳ್ಳುತ್ತೀರಿ? ಆಡಳಿತ ಬದಲಾದರೆ ಅಳಿಸುವ ಅಧಿಕಾರ ಯಾರಿಗಿದೆ, ಅದು ದೇಶದ ಒಳಗೆ ಇದೆಯೋ ಹೊರಗೋ? ಮಾರುವುದಾದರೆ ಯಾರಿಗೆ ಮಾರಬಾರದು? ಮೊಬೈಲ್ ಹಣದ ಖಾತೆಯಲ್ಲಿರುವ ಜನರ ದುಡ್ಡು ಯಾವ ಬ್ಯಾಂಕಿನಲ್ಲಿದೆ, ಕಂಪನಿ ಮುಳುಗಿದರೆ ಅದು ಯಾರದ್ದು? ದಾಖಲೆ ಇಟ್ಟುಕೊಳ್ಳಲೇಬೇಕು ಅಂತ ಎಷ್ಟೋ ಸರ್ಕಾರಗಳು ಲೈಸೆನ್ಸ್‌ನಲ್ಲೇ ಬರೆದಿರುತ್ತವೆ, ಗೊತ್ತು. ಅದು ಗೊತ್ತಿದ್ದೇ ತಾನೇ ಸಹಿ ಹಾಕಿದ್ದು.

ಆ ದೇಶದ ಸರ್ಕಾರವೇ ಈ ಷರತ್ತು ಹಾಕಲಿ ಅಂದರೆ ನಗು ಬರುತ್ತದೆ. ಸರಿಯಾದ ಸರ್ಕಾರ ಇದ್ದಿದ್ದರೆ ಈ ಪತ್ರವೇ ಬೇಕಿರಲಿಲ್ಲ. ಷರತ್ತು ಹಾಕಬೇಕಾದವರು ಸಾಲ ಕೊಡುವ ಬ್ಯಾಂಕುಗಳು, ಷೇರು ಹಿಡಿದವರು, ಕಂಪನಿಯ ತವರು ದೇಶದವರು. ವಿಶ್ವಬ್ಯಾಂಕ್‌ನ ಕೂಸಾದ ಐಎಫ್‌ಸಿ ಇಂಥ ಎಷ್ಟೋ ಮೊಬೈಲ್ ಕಂಪನಿಗಳಿಗೆ ಸಾಲ ಕೊಟ್ಟಿದೆ. ಎಷ್ಟು ಟವರ್ ಬಂತು, ಎಷ್ಟು ಜನಕ್ಕೆ ಫೋನ್ ಸಿಕ್ಕಿತು ಅಂತ ಲೆಕ್ಕ ಕೊಡುವವರು, ಹೋಗುವಾಗ ಏನು ಬಿಟ್ಟುಹೋದರು ಅಂತ ಅಷ್ಟೇ ಶ್ರದ್ಧೆಯಿಂದ ಕೊಡಲಿ.

ಇಲ್ಲಿ ಏರ್‌ಟೆಲ್ ವಿಷಯಕ್ಕೆ ಬರುತ್ತೇನೆ. ಏರ್‌ಟೆಲ್ ಆಫ್ರಿಕಾ 2019ರಿಂದ ಲಂಡನ್ ಷೇರುಪೇಟೆಯಲ್ಲಿದೆ, ಆದರೆ ಅದರ ಲಗಾಮು ಇರುವುದು ಭಾರ್ತಿ ಕೈಯಲ್ಲಿ. ಕಾಂಗೋ, ಚಾಡ್, ನೈಜರ್, ನೈಜೀರಿಯಾ ಎಲ್ಲ ಅದರ ಪಟ್ಟಿಯಲ್ಲಿವೆ. ಚಾಡ್‌ನಲ್ಲಿ 2018ರ ಮಾರ್ಚ್‌ನಿಂದ ಸುಮಾರು 16 ತಿಂಗಳು ಸರ್ಕಾರದ ಆದೇಶದಿಂದ ವಾಟ್ಸಾಪ್, ಫೇಸ್‌ಬುಕ್ ಎಲ್ಲ ಬಂದ್ ಆಗಿದ್ದವು. ನೈಜರ್‌ನಲ್ಲಿ 2023ರ ಜುಲೈನಲ್ಲಿ ಸೈನ್ಯ ಅಧಿಕಾರ ಹಿಡಿಯಿತು. ಇವು ಭಾರತೀಯ ಹೂಡಿಕೆ ಇರುವ ದೇಶಗಳು. ಆ ಕಂಪನಿಯ ಷೇರು ನೇರವಾಗಿಯೋ ಮ್ಯೂಚುವಲ್ ಫಂಡ್ ಮೂಲಕವೋ ನಿಮ್ಮ ಓದುಗರಲ್ಲಿ ಎಷ್ಟೋ ಜನರ ಹತ್ತಿರ ಇದೆ. ಲಾಭ ಎಷ್ಟು ಬಂತು ಅಂತ ಮೂರು ತಿಂಗಳಿಗೊಮ್ಮೆ ಸುದ್ದಿ ಮಾಡುತ್ತೀರಿ. ಅಂಥ ದೇಶದಲ್ಲಿ ಸೈನ್ಯ ಬಂದು ಗಿರಾಕಿಗಳ ದಾಖಲೆ ಕೇಳಿದರೆ ಕೊಡುತ್ತೀರಾ, ಕೊಡುವುದಿಲ್ಲವಾ, ಕೊಟ್ಟರೆ ಜನಕ್ಕೆ ಹೇಳುತ್ತೀರಾ ಅಂತ ಕಂಪನಿಗೆ ಒಂದು ಸಲ ಕೇಳಿ. ಉತ್ತರ ಬಂದರೆ ಅಚ್ಚು ಹಾಕಿ, ಬರದಿದ್ದರೆ ಬರಲಿಲ್ಲ ಅಂತ ಅಚ್ಚು ಹಾಕಿ.

ಇಂಥ ಪ್ರಶ್ನೆ ಕೇಳಿದರೆ ಕಂಪನಿಗಳು ಹೆದರಿ ಅಂಥ ದೇಶಗಳಿಗೆ ಹೋಗುವುದನ್ನೇ ಬಿಡುತ್ತವೆ, ಬಡವರಿಗೆ ಫೋನ್ ಸಿಗುವುದಿಲ್ಲ ಅನ್ನುವ ವಾದ ಬರುತ್ತದೆ, ಬರಲಿ. 2007ರಲ್ಲಿ ಇರಾಕ್‌ನಲ್ಲಿ ದಿನಾ ಹೆಣ ಬೀಳುತ್ತಿದ್ದಾಗ ಒಂದೊಂದು ಮೊಬೈಲ್ ಲೈಸೆನ್ಸಿಗೆ 125 ಕೋಟಿ ಡಾಲರ್ ಕೊಟ್ಟು, ಅದರ ಮೇಲೆ ವರಮಾನದಲ್ಲಿ ನೂರಕ್ಕೆ 18ರಷ್ಟು ಪಾಲನ್ನೂ ಸರ್ಕಾರಕ್ಕೆ ಬಿಟ್ಟುಕೊಡಲು ಮೂರು ಕಂಪನಿಗಳು ಒಪ್ಪಿದ್ದವು. ಅಷ್ಟಕ್ಕೆಲ್ಲ ಹೆದರದವರು ಗಿರಾಕಿಯ ದಾಖಲೆ ಅಳಿಸಿ ಹೋಗಿ ಅನ್ನುವ ಒಂದು ಸಾಲಿಗೆ ಹೆದರುತ್ತಾರೆ ಅಂದರೆ ನಾನು ನಂಬುವುದಿಲ್ಲ.

ಇಂತಿ ನಿಮ್ಮ,
ಒಬ್ಬ ಓದುಗ